ಎರಡು ಸಲ ತಟ್ಟುವವರೆಗೆ

"ಅತ್ತಿಗೆ, ಒತ್ತಿ!" ವ್ಯಾನಿನ ಅಡಿಯಿಂದ ಮೈದುನ ಕೂಗಿದ.

ಡ್ರೈವರ್ ಸೀಟಿನಲ್ಲಿ ಕೂತಿದ್ದ ಅವಳು ಬರಿಗಾಲಿನಲ್ಲಿ ಬ್ರೇಕ್ ಪೆಡಲನ್ನು ಒತ್ತಿದಳು. ಅದು ಹಳೇ ಹಾಸಿಗೆಯ ಹಾಗೆ ತಗ್ಗಿ ತಳ ಮುಟ್ಟಿತು.

"ಬಿಡಿ!"

ಬಿಟ್ಟಳು.

ಹತ್ತು ಹೆಜ್ಜೆ ಆಚೆ, ಮನೆಯ ಮುಂದಿನ ಕೋಣೆಯಲ್ಲಿ ಅವಳ ಗಂಡ ಮಲಗಿದ್ದ. ನಿನ್ನೆ ಮಧ್ಯಾಹ್ನ ತೀರಿಕೊಂಡವನು. ನಲವತ್ತು ವರ್ಷ ಇದೇ ಶೆಡ್ಡಿನಲ್ಲಿ ಊರವರ ಗಾಡಿಗಳ ಬ್ರೇಕ್ ಸರಿ ಮಾಡಿದವನು. ಬ್ರೇಕಿನ ಪೈಪುಗಳಲ್ಲಿ ಸೇರಿಕೊಂಡ ಗಾಳಿ ತೆಗೆಯುವುದರಲ್ಲಿ ಅವನದು ಎತ್ತಿದ ಕೈ, ಅದಕ್ಕೇ ಜನ ಅವನನ್ನು 'ಗಾಳಿ ಡಾಕ್ಟ್ರು' ಎನ್ನುತ್ತಿದ್ದರು. ಅವನ ಸ್ವಂತದ್ದು ಎಂದರೆ ಈ ವ್ಯಾನೊಂದೇ. ಅದಕ್ಕೆ 'ಮುದುಕಿ' ಎಂದು ಹೆಸರಿಟ್ಟಿದ್ದ. "ಹೊರಗೊಬ್ಳು ಮುದುಕಿ, ಒಳಗೊಬ್ಳು ಮುದುಕಿ, ನಡುವೆ ಪಾಪ ನಾನೊಬ್ನೇ ಹರೆಯದವನು" ಎಂದು ಬಂದವರ ಮುಂದೆಲ್ಲ ಹಲ್ಲು ಕಿರಿಯುತ್ತಿದ್ದ.

ಎರಡು ವಾರದ ಹಿಂದೆ ಮಂಚದ ಮೇಲಿಂದ ಒಂದೇ ಮಾತು ಕೇಳಿದ್ದ. "ಬಾಡಿಗೆ ಗಾಡೀಲಿ ಕಳಿಸ್ಬೇಡ ಕಣೇ ನನ್ನ. ಮುದುಕೀಲೇ ಕಳಿಸು." ಅವಳು ಹೂಂ ಅಂದಿದ್ದಳು.

ಹೂಂ ಅನ್ನುವುದೇನೋ ಸುಲಭ. ಮೂರು ತಿಂಗಳು ನಿಂತಲ್ಲೇ ನಿಂತಿದ್ದ ಮುದುಕಿಯನ್ನು ಬೆಳಿಗ್ಗೆ ನೋಡಿದರೆ ಹಿಂದಿನ ಚಕ್ರದ ರಬ್ಬರ್ ಪೈಪು ಬಿರಿದು ಬ್ರೇಕ್ ಆಯಿಲ್ ಎಲ್ಲ ನೆಲದ ಪಾಲಾಗಿತ್ತು. ಮೈದುನ ಹೊಸ ಪೈಪು ಹಾಕಿದ, ಆಯಿಲ್ ತುಂಬಿದ. ಆದರೆ ಒಳಗೆ ಹೊಕ್ಕ ಗಾಳಿ ಹೊರಗೆ ಬರಲೊಲ್ಲದು. ಸ್ಮಶಾನಕ್ಕೆ ಹೋಗುವ ದಾರಿಯೋ, ಉದ್ದಕ್ಕೂ ಇಳಿಜಾರು.

ಮಗಳು ಶೆಡ್ಡಿನ ಬಾಗಿಲಿಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು. "ಅಮ್ಮಾ, ಹನ್ನೊಂದಕ್ಕೆ ಹೊರಡ್ಬೇಕು. ಹತ್ತೂವರೆ ಒಳಗೆ ಆಗ್ಲಿಲ್ಲ ಅಂದ್ರೆ ನಾನು ಬಾಡಿಗೆ ಗಾಡಿ ಕರೆಸ್ತೀನಿ. ಅಪ್ಪ ಏನೂ ಅಂದ್ಕೊಳಲ್ಲ."

"ಅಂದ್ಕೊಳಲ್ವಾ? ಎದ್ದು ಬಂದು ಬೈತಾರೆ ನೋಡಮ್ಮ, ಬೆಳಗಿಂದ ಒಂದು ಬ್ರೇಕ್ ಸರಿ ಮಾಡೋಕಾಗ್ಲಿಲ್ವಾ ಅಂತ," ಎಂದ ಪಕ್ಕದ ಮನೆಯ ಟೈಲರು. ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದವರು ನಕ್ಕರು. ನಕ್ಕು, ಯಾಕೆ ನಕ್ಕೆವೋ ಎಂಬಂತೆ ನೆಲ ನೋಡಿದರು.

ಮೈದುನ ತೆವಳಿಕೊಂಡು ಹೊರಗೆ ಬಂದ. ಅವನೂ ಮೆಕ್ಯಾನಿಕ್ಕೇ, ಆದರೆ ದೊಡ್ಡ ವರ್ಕ್‌ಶಾಪಿನವನು. ಅಲ್ಲಿ ಯಂತ್ರವೇ ಗಾಳಿಯನ್ನು ಹೀರಿ ತೆಗೆಯುತ್ತದೆ, ಪೆಡಲು ಒತ್ತಲು ಇನ್ನೊಂದು ಜೀವ ಬೇಡ. "ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರೇ ಹೋಗಿದೆ ಅತ್ತಿಗೆ. ನಾಲ್ಕು ಚಕ್ರಾನೂ ಎರಡೆರಡು ಸುತ್ತು ನೋಡ್ದೆ. ಇನ್ನು ನನ್ನ ಕೈಲಾಗಲ್ಲ," ಎಂದು ಕೈಚೆಲ್ಲಿದ.

ಧೂಳು ಹಿಡಿದ ಗಾಜಿನಿಂದ ಬಿಸಿಲು ಮಸುಕಾಗಿ ಅವಳ ಮಡಿಲಿಗೆ ಬೀಳುತ್ತಿತ್ತು. ಅವಳು ಪೆಡಲನ್ನು ನಾಲ್ಕು ಸಲ ಬೇಗಬೇಗ ಒತ್ತಿದಳು. ಅದು ಮೇಲೆದ್ದು ನಿಂತಿತು. ಒತ್ತಿ ಹಿಡಿದಳು. ಜಾರಲಿಲ್ಲ. ಪಾದದಡಿ ಮೆತ್ತಗೆ ಪುಟಿಯುತ್ತಿತ್ತು, ಅಷ್ಟೆ.

*

"ಆಯಿಲ್ ಹಠಮಾರಿ. ಒತ್ತಿದ್ರೆ ನೆಟ್ಟಗೆ ಚಕ್ರದ ತನಕ ಹೋಗಿ ನಿಲ್ಲುತ್ತೆ. ಗಾಳಿ ಹೆದರುಪುಕ್ಕಲ, ಒತ್ತಿದ ತಕ್ಷಣ ಅಲ್ಲೇ ಮುದುರಿಕೊಳ್ಳುತ್ತೆ. ಇಬ್ರೂ ಒಂದೇ ಪೈಪಲ್ಲಿ ಇರಬಾರ್ದು." ಮದುವೆಯಾದ ಹೊಸದರಲ್ಲಿ ಗಂಡ ಹೇಳಿಕೊಟ್ಟ ಮೊದಲ ಪಾಠ ಇದು. ಬೇರೆ ಗಂಡಂದಿರು ಏನೇನು ಪಿಸುಗುಟ್ಟುತ್ತಾರೋ, ಇವನದು ಬ್ರೇಕಿನ ಪಾಠ.

ಅವಳು ಪೆಡಲು ಒತ್ತಬೇಕು. ಅವನು ಅಡಿಯಲ್ಲಿ ಮಲಗಿ, ಚಕ್ರದ ಹಿಂದಿನ ಚಿಕ್ಕ ತಿರುಪಿನಂಥ ನಿಪ್ಪಲ್ ಸಡಿಲಿಸಬೇಕು. ಗುಳ್ಳೆಗುಳ್ಳೆಯಾಗಿ ಗಾಳಿ ಹೊರಗೆ ಬರುತ್ತದೆ. ನಿಪ್ಪಲ್ ಮತ್ತೆ ಬಿಗಿಯಾದ ಮೇಲೆಯೇ ಅವಳು ಕಾಲು ತೆಗೆಯಬೇಕು.

ಆ ವರ್ಷವೇ ದೊಡ್ಡ ಜಗಳವಾಯಿತು. ಯಾರದೋ ಲಾರಿಯ ಬ್ರೇಕು ಬಿಚ್ಚಿಕೊಂಡು ಕೂತು ಅವನು ಅವಳ ತಂಗಿಯ ಮದುವೆಯನ್ನೇ ಮರೆತಿದ್ದ. ಅವಳು ಮಾತು ಬಿಟ್ಟಳು. ಮೂರನೆಯ ದಿನ ಹಾಲಿನ ವ್ಯಾನೊಂದು ಬಂದು ನಿಂತಿತು. ಅವನು ಅಡುಗೆಮನೆ ಬಾಗಿಲಿಗೆ ಬಂದು ತಲೆ ಕೆರೆದುಕೊಂಡು ನಿಂತ. ಅವಳು ತುಟಿಪಿಟಕ್ಕೆನ್ನದೆ ಹೋಗಿ ಸೀಟಿನಲ್ಲಿ ಕೂತಳು. ಹಠದಲ್ಲಿ ಅವನೇನು ಕಡಿಮೆಯೆ? ಅವನೂ ಬಾಯಿ ಬಿಡಲಿಲ್ಲ. ಅಡಿಯಿಂದ ಸ್ಪ್ಯಾನರಿನಲ್ಲಿ ಟಣ್ ಎಂದು ಒಂದು ಸಲ ತಟ್ಟಿದ. ಅವಳು ಒತ್ತಿದಳು. ಸ್ವಲ್ಪ ಹೊತ್ತಿಗೆ ಟಣ್ ಟಣ್ ಎಂದು ಎರಡು ಸಲ. ಅವಳು ಬಿಟ್ಟಳು. ನಾಲ್ಕನೆಯ ಚಕ್ರ ಮುಗಿದರೂ ಅವನು ತಟ್ಟುವುದನ್ನು ನಿಲ್ಲಿಸದೆ ತಾಳ ಹಾಕತೊಡಗಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

ಜಗಳ ಮುಗಿಯಿತು, ತಟ್ಟುವುದು ಉಳಿಯಿತು. "ಎರಡು ಸಲ ತಟ್ಟೋ ತನಕ ಜಪ್ಪಯ್ಯ ಅಂದ್ರೂ ಕಾಲು ತೆಗೀಬೇಡ," ಎನ್ನುತ್ತಿದ್ದ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕಿ ಪಾತ್ರೆ ಸೀದು ಕರಕಲಾದರೂ ಅವಳು ತೆಗೆದಿರಲಿಲ್ಲ.

*

"ಸಿಲಿಂಡರ್ ಹೋಗಿಲ್ಲ," ಎಂದಳು ಅವಳು. "ಹೋಗಿದ್ರೆ ಹಿಡಿದಾಗ ಜಾರ್ತಿತ್ತು. ಇದು ಪುಟೀತಿದೆ. ಇನ್ನೂ ಗಾಳಿ ಇದೆ."

"ಅತ್ತಿಗೆ, ನಿಮಗೆ ಗಾಡಿ ಓಡ್ಸೋಕೂ ಬರಲ್ಲ!"

"ಬರಲ್ಲಪ್ಪ. ಕಾಲಿಗೆ ಗೊತ್ತು. ನೀನು ನಿಪ್ಪಲ್ ಬಿಗಿ ಮಾಡೋ ಮುಂಚೆನೇ ಬಿಡಿ ಅಂತೀಯ. ಹೋದ ಗಾಳಿ ಹಾಗೇ ವಾಪಸ್ ಬರುತ್ತೆ. ನಾನೂ ಪೆದ್ದಿ, ನೀನು ಹೇಳ್ದೆ ಅಂತ ಬಿಡ್ತಿದ್ದೀನಿ."

ಮೈದುನ ನಾಲಿಗೆ ಕಚ್ಚಿಕೊಂಡ.

"ಹಿಂದಿನ ಎಡಚಕ್ರದಿಂದ ಶುರು ಮಾಡು. ನಿಮ್ಮಣ್ಣನ ಸದ್ದು ಮೊದಲು ಅಲ್ಲಿಂದ್ಲೇ ಬರ್ತಿತ್ತು. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ನನ್ನ ಹತ್ರದ್ದು. ಬಾಯಲ್ಲಿ ಏನೂ ಹೇಳ್ಬೇಡ. ಒಂದು ಸಲ ತಟ್ಟಿದ್ರೆ ಒತ್ತುತೀನಿ. ಬಿಗಿ ಮಾಡಿ ಎರಡು ಸಲ ತಟ್ಟು, ಬಿಡ್ತೀನಿ."

ಮೈದುನ ಮತ್ತೆ ಅಡಿಗೆ ಸರಿದ. ಹಿಂದಿನಿಂದ ಟಣ್ ಎಂದಿತು. ಅವಳು ಕಣ್ಣು ಮುಚ್ಚಿ ಒತ್ತಿದಳು.

ಆಯಿಲಿನ ವಾಸನೆ ಮೆಲ್ಲಗೆ ಮೇಲೆ ಬಂತು. ಟಣ್ ಟಣ್. ಬಿಟ್ಟಳು. ಹೊರಗಿನ ಮಾತು, ಯಾರದೋ ಕೆಮ್ಮು, ಮಗಳ ಬಿಕ್ಕು ಎಲ್ಲ ದೂರ ಸರಿದವು. ಅಡಿಯಲ್ಲಿ ಅವನೇ ಇದ್ದಾನೆ. ಇನ್ನೇನು ಮುಗಿಸಿ, ಬೆನ್ನಿಗೆಲ್ಲ ಮಣ್ಣು ಮೆತ್ತಿಕೊಂಡು ಎದ್ದು ಬಂದು, ಕಾಫಿ ಕೊಡ್ತೀಯಾ ಎನ್ನುತ್ತಾನೆ. ಸದ್ದು ಬಲಕ್ಕೆ ಹೋಯಿತು, ಮುಂದಕ್ಕೆ ಬಂತು. ಒಂದೊಂದು ಚಕ್ರಕ್ಕೂ ಪೆಡಲು ಗಟ್ಟಿಯಾಗುತ್ತಿತ್ತು. ಅವಳಿಗೆ ಭಯವಾಯಿತು. ಬ್ರೇಕ್ ಸರಿಹೋದರೆ ಅವನು ಹೊರಡುತ್ತಾನೆ. ಸರಿಹೋಗುವುದೇ ಬೇಡ, ಹೀಗೇ ಸಂಜೆಯವರೆಗೂ ತಟ್ಟುತ್ತಿರಲಿ ಅನ್ನಿಸಿತು.

ಕೊನೆಯ ಟಣ್ ಟಣ್ ಅವಳ ಕಾಲಿನ ಹತ್ತಿರವೇ ಕೇಳಿಸಿತು. ಮತ್ತೊಮ್ಮೆ ಒತ್ತಿ ನೋಡಿದಳು. ಪೆಡಲು ಅರ್ಧಕ್ಕೇ ಕಲ್ಲಿನಂತೆ ನಿಂತಿತು.

"ಹೇಗಿದೆ ಅತ್ತಿಗೆ?"

ಇನ್ನೂ ಮೆತ್ತಗಿದೆ ಎಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬಾಯಿವರೆಗೂ ಬಂದಿತ್ತು. ಕೋಣೆಯೊಳಗೆ ಮಲಗಿದ್ದವನಿಗೆ ಅಂದಿದ್ದ ಹೂಂ ನೆನಪಾಯಿತು.

"ಆಯ್ತು," ಎಂದಳು. "ಕರ್ಕೊಂಡು ಬನ್ನಿ ಅವರನ್ನ."

*

ಇಳಿಜಾರಿನಲ್ಲಿ ಮೈದುನ ನಿಧಾನವಾಗಿ ಓಡಿಸಿದ. ವ್ಯಾನಿನ ಹಿಂಭಾಗದಲ್ಲಿ ಅವಳು ಗಂಡನ ಪಕ್ಕ ಕೂತಿದ್ದಳು, ಎದುರಿಗೆ ಮಗಳು. ತಿರುವುಗಳಲ್ಲಿ ಮುದುಕಿ ಒಂದಿಷ್ಟೂ ಎಳೆದಾಡದೆ ವೇಗ ತಗ್ಗಿಸುತ್ತಿತ್ತು. ಸ್ಮಶಾನದ ಗೇಟಿನ ಮುಂದೆ ನಿಂತಾಗ ಅವನ ಎದೆಯ ಮೇಲಿದ್ದ ಹೂ ಕೂಡ ಜರುಗಲಿಲ್ಲ.

ಟೈಲರು ಹಿಂಬಾಗಿಲು ತೆಗೆದ. ಎತ್ತಿಕೊಳ್ಳಲು ನಾಲ್ವರು ಬಂದು ನಿಂತರು. ಮಗಳು ಇಳಿದಳು. ತಾಯಿ ಇಳಿಯಲಿಲ್ಲ.

"ಇಳಿಯಮ್ಮಾ, ಬಂತು."

ಅವಳು ಕೇಳಿಸದವಳಂತೆ ಕೂತೇ ಇದ್ದಳು. ಮಗಳು ಕೈಹಿಡಿದು ಎಳೆದಳು. ಅಲುಗಲಿಲ್ಲ. "ಚಿಕ್ಕಪ್ಪಾ, ನೋಡು ಅಮ್ಮನಿಗೆ ಏನೋ ಆಗ್ತಿದೆ," ಎಂದು ಮಗಳು ಗಾಬರಿಯಾದಳು.

ಮೈದುನ ಮುಂದಿನಿಂದ ಇಳಿದು ಬಂದು ಒಳಗೆ ಇಣುಕಿದ. ಅತ್ತಿಗೆಯ ಬಲಗಾಲು ವ್ಯಾನಿನ ನೆಲದ ತಗಡನ್ನು ಪೆಡಲಿನ ಹಾಗೆ ಒತ್ತಿ ಹಿಡಿದಿತ್ತು. ಕಾಲ್ಬೆರಳುಗಳು ಬಿಳಿಚಿಕೊಂಡಿದ್ದವು.

ಅವನು ಸೀಟಿನ ಕೆಳಗಿನಿಂದ ಅಣ್ಣನ ಸ್ಪ್ಯಾನರ್ ತೆಗೆದುಕೊಂಡು ಹೋಗಿ ಹಿಂದಿನ ಎಡಚಕ್ರದ ಪಕ್ಕ ಮಂಡಿಯೂರಿದ. ಆಮೇಲೆ ಎರಡು ಸಲ ತಟ್ಟಿದ.

ಒಳಗೆ ಅವಳ ಕಾಲು ಮೆಲ್ಲಗೆ ಮೇಲೆದ್ದಿತು.