ಬಾಗಿಲ ಹೊರಗಿನ ದೂರುದಾರ

ಗಂಡ ತೀರಿಕೊಂಡ ಮೇಲೆ ನೌಕರರ ದೂರು ವಿಚಾರಿಸುವ ಕಚೇರಿಯಲ್ಲಿ ಸಿಕ್ಕ ಈ ಗುಮಾಸ್ತೆ ಕೆಲಸದಲ್ಲಿ ನನಗೆ ಮೊದಲು ಕುತೂಹಲ ಹುಟ್ಟಿಸಿದ್ದು ಕಿವುಡ ಜವಾನನ ದೂರು. ಗಂಟೆ ಬಾರಿಸಿದರೂ ಬರುವುದಿಲ್ಲವೆಂದು ಆತನ ಕಚೇರಿಯವರು ಬಡ್ತಿಯನ್ನು ತಡೆಹಿಡಿದಿದ್ದರು.

ವಿಚಾರಣೆಯ ದಿನ ಆತನನ್ನು ಒಳಗೆ ಕರೆಯಲು, ದೂರು ಕೇಳುವ ನಮ್ಮ ಸಾಹೇಬರು ಮೇಜಿನ ಗಂಟೆ ಒತ್ತಿದರು. ಮತ್ತೆ ಒತ್ತಿದರು.

"ಎಲ್ಲಿ ಹೋದನಮ್ಮ ಆಸಾಮಿ? ಗೈರುಹಾಜರು ಅಂತ ಬರ್ಕೊಳ್ಳಿ, ದೂರು ವಜಾ."

"ಬಾಗಿಲ ಹೊರಗೇ ಕೂತಿದ್ದಾರೆ ಸಾರ್."

"ಮತ್ತೆ ಬರೋಕೇನು ದಾಡಿ?"

ಅವರಿಗೆ ಯಾವಾಗ ಹೊಳೆಯುತ್ತದೆಂದು ನೋಡುವ ಆಸೆಯಿಂದ ನಾನು ಸುಮ್ಮನಿದ್ದೆ. ಗಂಟೆಯತ್ತ ಚಾಚಿದ ಅವರ ಬೆರಳು ಅರ್ಧದಲ್ಲೇ ನಿಂತಿತು.

"ನೀವಾದ್ರೂ ಹೇಳಬಾರದಿತ್ತೇನಮ್ಮ!"

ತಾವೇ ಎದ್ದುಹೋಗಿ, ಭುಜ ಮುಟ್ಟಿ ಆತನನ್ನು ಕರೆತಂದರು. ಆತ ಕೂರುವ ಮೊದಲೇ ನನಗೆ ಹೇಳಿದರು:

"ಬಡ್ತಿ ಕೊಡತಕ್ಕದ್ದು ಅಂತ ಬರ್ಕೊಳ್ಳಿ."

ಏನಾಯಿತೆಂದು ತಿಳಿಯದೆ ಆತ ನಮ್ಮಿಬ್ಬರ ಮುಖವನ್ನು ಮತ್ತೆ ಮತ್ತೆ ನೋಡುತ್ತಿದ್ದ.