ಬಣ್ಣ ಆರುವ ಮೊದಲು

ನಾನು ಒಂದು ಕಬ್ಬಿಣದ ಜಾಳಿಗೆ. ಬಾಗಿಲಿನ ಬಿಜಾಗರಿ ಒತ್ತುವ ಪವರ್ ಪ್ರೆಸ್ಸಿನ ಬಾಯಿಗೆ ಅಡ್ಡವಾಗಿ ನಿಲ್ಲಲೆಂದೇ ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಹುಟ್ಟಿದೆ. ವೆಲ್ಡಿಂಗ್ ಮಾಡುವ ಪೀರಸಾಬರು ಸರಳುಗಳನ್ನು ಕೂಡಿಸಿ, ಕೆಳಗೆ ತಗಡಿನ ಪಟ್ಟಿ ಹೋಗುವಷ್ಟೇ ಸಂದು ಬಿಟ್ಟರು. ತಮ್ಮ ಕಿರುಬೆರಳನ್ನು ಅಲ್ಲಿ ತೂರಿಸಿ ನೋಡಿದರು. ಹೋಗಲಿಲ್ಲ. "ಪಾಸಾದಿ ಬಿಡವಾ" ಎಂದು ನನ್ನ ಬೆನ್ನು ತಟ್ಟಿದರು.

ನನ್ನ ಹಿಂದೆ ಪ್ರೆಸ್ಸಿನ ಭಾರ ಇಳಿಯುತ್ತಿತ್ತು, ಮುಂದೆ ನೀಲಮ್ಮ ಕೂರುತ್ತಿದ್ದಳು. ತಗಡು ಸರಿಸುವುದು, ಭಾರ ಇಳಿಯಲೆಂದು ಕಾಲಿನಿಂದ ಪೆಡಲು ಒತ್ತುವುದು, ಇಷ್ಟೇ ಆಕೆಯ ಕೆಲಸ. ಊಟದ ಬಿಡುವಿನಲ್ಲಿ ಮಾತ್ರ ಆ ಬೆರಳುಗಳ ಆಟ ನೋಡಬೇಕು. ಶೆಡ್ಡಿನ ಹೆಂಗಸರಿಗೆಲ್ಲ ಆಕೆಯೇ ಜಡೆ ಹಾಕಬೇಕು.

"ನಿನ್ನ ಗಂಡನ ತಲ್ಯಾಗ ಕೂದಲಿಲ್ಲ ಅಂತ ನಮ್ಮ ತಲಿ ಹಿಡದೀಯೇನ?" ಎಂದು ಒಬ್ಬಳು ಕೆಣಕುತ್ತಿದ್ದಳು.

"ಸುಮ್ನ ಕೂಡ್ರ, ಬೈತಲಿ ಸೊಟ್ಟ ಆಕ್ಕೈತಿ."

ನಾನಿದ್ದೇನೆಂಬ ಭರವಸೆಯಲ್ಲಿ ನೀಲಮ್ಮನಿಗೆ ಒಂದು ರೂಢಿ ಬೆಳೆದಿತ್ತು. ಕಾಲು ಸದಾ ಪೆಡಲಿನ ಮೇಲೆಯೇ ಇರುತ್ತಿತ್ತು. ಅದು ಸಲುಗೆ ಎಂದುಕೊಂಡು ನಾನು ಹಿಗ್ಗುತ್ತಿದ್ದೆ.

ಆಯುಧ ಪೂಜೆ ಬಂತು. ಯಂತ್ರಗಳನ್ನೆಲ್ಲ ತೊಳೆದರು. ನನ್ನನ್ನು ಬಿಚ್ಚಿ, ಹಳದಿ ಬಣ್ಣ ಬಳಿದು, ಬಾಗಿಲಿನಾಚೆ ಬಿಸಿಲಿಗೆ ಒರಗಿಸಿದರು. ಪ್ರೆಸ್ಸಿಗೆ ವಿಭೂತಿ ಬಳಿದು ಚೆಂಡುಹೂವಿನ ಮಾಲೆ ಹಾಕಿದರು. ಮರುದಿನ ವಿಜಯದಶಮಿ, ಬನ್ನಿ ಹಬ್ಬ. ಆ ದಿನ ಮುಹೂರ್ತಕ್ಕೆ ಒಂದಾದರೂ ಬಿಜಾಗರಿ ಒತ್ತಿ ದೇವರ ಮುಂದೆ ಇಡುವುದು ಆ ಶೆಡ್ಡಿನ ಪದ್ಧತಿ.

"ಸಾವುಕಾರ್ರ, ಜಾಳಿಗಿ ಕೂಡಿಸಿಲ್ರಿ" ಎಂದಳು ನೀಲಮ್ಮ.

ಮಾಲೀಕ ಅಡಿವೆಪ್ಪ ನನ್ನನ್ನು ಮುಟ್ಟಿ ನೋಡಿದರು. ಬೆರಳಿಗೆ ಹಳದಿ ಹತ್ತಿತು. "ಇನ್ನೂ ಹಸಿ ಐತೆವಾ. ಒಂದ ಪೀಸು ತಗದು ಬಂದ್ ಮಾಡೂದೈತಿ. ಮುಹೂರ್ತ ಮೀರತೈತಿ, ಕೂಡು."

ಆಕೆ ಕುಳಿತಳು. ಕಾಲು ತನ್ನ ಜಾಗಕ್ಕೆ ತಾನೇ ಹೋಯಿತು. ಮಾಲೆಯಿಂದ ಒಂದು ಎಸಳು ಉದುರಿ ಅಚ್ಚಿನೊಳಗೆ ಬಿತ್ತು. ದೇವರಿಗೆ ಇಡುವ ಮೊದಲ ಬಿಜಾಗರಿಗೆ ಕಲೆಯಾದೀತೆಂದು ಅದನ್ನು ತೆಗೆಯಲು ಆಕೆ ಬಾಗಿದಳು. ಬಾಗಿದಾಗ ಮೈಭಾರವೆಲ್ಲ ಕಾಲಿನ ಮೇಲೆ ಬಿತ್ತು.

ಸದ್ದು ಎಂದಿನಂತೆಯೇ ಇತ್ತು. ನನ್ನನ್ನು ಇಂದಿಗೂ ನಡುಗಿಸುವುದು ಅದೇ. ತಗಡಿಗೂ ಕೈಗೂ ಆ ಪ್ರೆಸ್ಸಿಗೆ ಭೇದ ತಿಳಿಯಲಿಲ್ಲ. ಕ್ಷಣಹೊತ್ತು ಯಾರಿಗೂ ಏನೂ ಗೊತ್ತಾಗಲಿಲ್ಲ, ನೀಲಮ್ಮನಿಗೂ. ಆಕೆ ಬಗ್ಗಿ ಎಸಳನ್ನೇ ನೋಡುತ್ತಿದ್ದಳು. ನಾನು ಹತ್ತು ಹೆಜ್ಜೆ ದೂರದಲ್ಲಿ, ಬಿಸಿಲಿನಲ್ಲಿ, ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದೆ.

ಬಲಗೈಯ ಮೂರು ಬೆರಳು ಹೋದವು. ವಾಸಿಯಾದ ಮೇಲೆ ಆಕೆಯನ್ನು ಪ್ಯಾಕಿಂಗಿಗೆ ಹಾಕಿದರು. ಜಡೆ ಹಾಕು ಎಂದು ಮತ್ತೆ ಯಾರೂ ಕೇಳಲಿಲ್ಲ. ಅಡಿವೆಪ್ಪನವರಿಗೆ ಆ ಪ್ರೆಸ್ಸನ್ನು ನೋಡಲಾಗಲಿಲ್ಲ. ಗದಗಿನ ಒಬ್ಬರಿಗೆ ಮಾರಿದರು.

"ಜಾಳಿಗಿ ನಿಮ್ಮ ಕಡೇನ ಇರ್ಲಿ. ಅದರಿಂದ ಕೆಲಸ ಸಾವಕಾಶ ಆಕ್ಕೈತಿ" ಎಂದರು ಕೊಂಡವರು. ಪೆಟ್ಟಿಗೆ ಕಟ್ಟುತ್ತಿದ್ದ ನೀಲಮ್ಮ ತಲೆಯೆತ್ತಿದಳು.

ನಮ್ಮ ಶೆಡ್ಡಿನ ವಾರದ ಸೂಟಿಯ ದಿನ ನನ್ನನ್ನು ಕಂಕುಳಲ್ಲಿ ಅವಚಿಕೊಂಡು ಗದಗಿನ ಬಸ್ಸು ಹತ್ತಿದಳು. "ಏನವಾ, ಕೋಳಿ ಇಲ್ಲದ ಬರೇ ಬುಟ್ಟಿ ಹೊಂಟೈತಲ್ಲ" ಎಂದ ಕಂಡಕ್ಟರ್. ಆಕೆ ಎಡಗೈಯಿಂದ ಟಿಕೆಟಿನ ದುಡ್ಡು ಕೊಟ್ಟಳು.

ಕೇಳಿಕೊಂಡು ಕೇಳಿಕೊಂಡು ಆ ಶೆಡ್ಡು ಮುಟ್ಟಿದೆವು. ಪ್ರೆಸ್ಸಿನ ಮುಂದೆ ಹಸೀನಾ ಎಂಬ ಹುಡುಗಿ ಕುಳಿತಿದ್ದಳು. ಕಾಲು ಪೆಡಲಿನ ಮೇಲಿತ್ತು. ಬೆರಳುಗಳು ಅಚ್ಚಿನ ಬಾಯಲ್ಲೇ ಓಡಾಡುತ್ತಿದ್ದವು.

"ಯಾರ್ ಬೇಕ್ರಿ ಅಕ್ಕಾ?"

ನೀಲಮ್ಮ ಸೆರಗಿನೊಳಗಿಂದ ಬಲಗೈ ತೆಗೆದು ಮುಂದೆ ಹಿಡಿದಳು.

ಹಸೀನಾ ಬಹಳ ಹೊತ್ತು ನೋಡಿದಳು. "ಯಾವ ಮಷೀನ್ಯಾಗ ಆತ್ರಿ?"

"ಇದರಾಗ."

ಹಸೀನಾಳ ಕಾಲು ಪೆಡಲಿನಿಂದ ಮೆಲ್ಲಗೆ ಕೆಳಗಿಳಿಯಿತು. ಆಕೆ ಎದ್ದು ಸ್ವಿಚ್ಚು ಆರಿಸಿದಳು. ಯಾಕೆ ನಿಂತಿತೆಂದು ಮಾಲೀಕರು ಒದರುತ್ತ ಬಂದಾಗ, ನನ್ನತ್ತ ಕೈ ತೋರಿಸಿ, "ಮದ್ಲ ಇದನ್ನ ಕೂಡಸ್ರಿ. ಆಮ್ಯಾಗ ನಾ ಕೂಡ್ತೇನಿ" ಎಂದಳು. ಅವರು ನೀಲಮ್ಮನ ಕೈ ನೋಡಿ ಮುಖ ತಿರುಗಿಸಿದರು. ಆಮೇಲೆ ತಾವೇ ಸ್ಪ್ಯಾನರ್ ತಂದರು.

ಈಗ ನನಗೆ ವಯಸ್ಸಾಗಿದೆ. ಸರಳುಗಳಿಗೆ ತುಕ್ಕು ಹತ್ತಿದೆ. ಸಂಜೆ ಕೆಲಸ ಬಿಟ್ಟಾಗ ಹಸೀನಾ ನಲ್ಲಿಯ ಕೆಳಗೆ ನಿಂತು ಗ್ರೀಸು ಹೋಗುವಂತೆ ಎರಡೂ ಕೈ ಉಜ್ಜಿ ಉಜ್ಜಿ ತೊಳೆಯುತ್ತಾಳೆ, ಒಂದೊಂದೇ ಬೆರಳು. ಅದನ್ನು ಕಂಡ ಮೇಲೆಯೇ ನನ್ನ ಎದೆಬಡಿತ ಇಳಿಯುವುದು.