ಗ್ಲಾಡಿಸ್‌ಬಾಯಿಯ ಮಗ

ರಾಜಾರಾಮ, ಚಿಕ್ಕೋಡಿ ಕೋರ್ಟಿನ ನಕಲು ವಿಭಾಗದಲ್ಲಿ ಟೈಪಿಸ್ಟ್. ನಾನು ಅವನ ಪಕ್ಕದ ಮೇಜಿನವನು. ಮೂಲದಲ್ಲಿ ತಪ್ಪಿದ್ದರೆ ಆ ತಪ್ಪನ್ನೂ ಹಾಗೇ ಟೈಪು ಮಾಡಬೇಕೆಂಬುದು ನಮ್ಮಲ್ಲಿಯ ನಿಯಮ. ಈ ಪುಣ್ಯಾತ್ಮ ಅದನ್ನು ಮನೆಗೂ ಒಯ್ದಿದ್ದ.

ತೊಂಬತ್ತಾರರ ಬೇಸಿಗೆಯಲ್ಲಿ ಅವನು ಕೊಲ್ಲಾಪುರದಿಂದ ಒಂದು ಅಮೆರಿಕದ ರ‍್ಯಾಪ್ ಕ್ಯಾಸೆಟ್ ತಂದ. ಅದರೊಳಗಿನವನು ಹಾಡುತ್ತಾನೋ ಜಗಳಕ್ಕೆ ಬಂದಿದ್ದಾನೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಡಬ್ಬಿಯಲ್ಲಿದ್ದ ಮಡಿಕೆ ಹಾಳೆಯ ಮೇಲೆ ಆ ಹಾಡುವವನ ಬರಿಮೈ ಫೋಟೊ, ಕೈತುಂಬ ಹಚ್ಚೆ, ಯಾವ ಹಚ್ಚೆ ಯಾವ ಹಾಡಿನದು ಎಂಬ ವಿವರ. ರಾಜಾರಾಮ ಡಿಕ್ಷನರಿ ಇಟ್ಟುಕೊಂಡು ವಾರವೆಲ್ಲ ಓದಿದ. ಮುಂದಿನ ರವಿವಾರ ಮತ್ತೆ ಕೊಲ್ಲಾಪುರಕ್ಕೆ ಹೋಗಿ, ಹಚ್ಚೆ ಹಾಕುವವನ ಮುಂದೆ ಆ ಹಾಳೆ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಬಲಗೈಗೆ ಇಳಿಸಿಕೊಂಡು ಬಂದ.

ಸೋಮವಾರದಿಂದ ಅರ್ಧ ತೋಳಿನ ಅಂಗಿ. ಬಂದವರಿಗೆಲ್ಲ ಅರ್ಥ ಹೇಳುವುದೇ ಕೆಲಸ. ಕಿರೀಟವೆಂದರೆ ಯಾರಿಗೂ ತಲೆ ಬಾಗುವುದಿಲ್ಲ ಎಂದಂತೆ. ಅದನ್ನು ಹೇಳುತ್ತಿರುವಾಗಲೇ ಶಿರಸ್ತೇದಾರರ ಚಪ್ಪಲಿ ಸದ್ದು ಕೇಳಿ ದಡಕ್ಕನೆ ಎದ್ದು ನಿಂತ. ಒಂಬತ್ತರ ಅಂಕಿಯೆಂದರೆ ಹುಟ್ಟಿದ ಓಣಿಯ ನಂಬರು. ಇವನು ಹುಟ್ಟಿದ್ದು ಅಂಕಲಿಯಲ್ಲಿ; ಅಲ್ಲಿ ಓಣಿಗೆ ನಂಬರು ಕೊಡುವ ಉಸಾಬರಿಗೆ ಯಾರೂ ಹೋಗಿಲ್ಲ. ಅದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಿದ್ದವು.

“ಇದು ಅವ್ವನ ಹೆಸರ್ರಿ,” ಎಂದು ಕೈ ನನ್ನ ಮುಂದೆ ಚಾಚಿದ.

ಓದಿದೆ. ಗ್ಲಾಡಿಸ್ ಎಂದಿತ್ತು.

“ನಿಮ್ಮವ್ವ ಕೆಂಪವ್ವ ಅಲ್ಲೇನೋ?”

“ಒರಿಜಿನಲ್‌ದಾಗ ಹಿಂಗ ಐತ್ರಿ. ಅಕ್ಷರ ಬದಲಿ ಮಾಡಿದ್ರ ಅರ್ಥ ಎಲ್ಲಿ ಉಳೀತೈತಿ?”

ನನಗೆ ಮೈಯೆಲ್ಲ ಉರಿಯಿತು. ಅಂಕಲಿ ಏನು ಅಮೆರಿಕದಲ್ಲಿಲ್ಲ. ಆದರೂ ಎರಡು ವರ್ಷದಿಂದ ಇವನು ಆ ಬಸ್ಸು ಹತ್ತಿರಲಿಲ್ಲ. ತಾಯಿಗೆ ಆಫೀಸಿನ ಕಡೆ ಬರಬೇಡ ಎಂದೂ ಹೇಳಿದ್ದ. ಆಕೆಯ ಹಣೆ, ಗದ್ದದ ಮೇಲೆಲ್ಲ ಹಚ್ಚೆ, ಜನ ನಗುತ್ತಾರಂತೆ!

ದಾವೆಗೆ ಬಂದಿದ್ದ ಅಂಕಲಿಯವನೊಬ್ಬ ಊರಿಗೆ ಹೋಗಿ, ನಿನ್ನ ಮಗ ಕೈಮೇಲೆ ಅವ್ವನ ಹೆಸರು ಹಾಕಿಸಿಕೊಂಡಿದ್ದಾನೆ ಎಂದು ಕೆಂಪವ್ವನಿಗೆ ಹೇಳಿಬಿಟ್ಟ. ಮರುದಿನ ಮಧ್ಯಾಹ್ನವೇ ಆಕೆ ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ಬೇಡವೆಂದ ಮೆಟ್ಟಿಲು ಹತ್ತಿ ಬಂದಳು. ರಾಜಾರಾಮ ಕೈ ಮುಚ್ಚಿಕೊಳ್ಳಲು ಹೋದ. ಅಂಗಿಗೆ ಅಷ್ಟು ತೋಳಿರಲಿಲ್ಲ. ಓದು ಬಾರದ ಆ ಹೆಂಗಸು ಮಗನ ಕೈ ಹಿಡಿದು ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದಳು.

“ಸತ್ತಮ್ಯಾಲೆ ಬಂಗಾರ ಬಿಚ್ಚಿಕೊಳ್ತಾರ, ಹಚ್ಚಿ ಅಷ್ಟ ನಮ್ಮ ಜೋಡಿ ಮ್ಯಾಲ ಬರೂದು,” ಎಂದಳು. “ಮ್ಯಾಲ ಹ್ವಾದ್ರೂ ನಾನ ಇವನ ಅವ್ವ ಆದ್ನೆಪಾ.” ಆಮೇಲೆ ನನ್ನ ಕಡೆ ತಿರುಗಿದಳು. “ಸಾಹೇಬ್ರ, ಒಂದ ಸಲ ಓದಿ ಹೇಳ್ರಿ. ಕಿವಿಲೆ ಕೇಳ್ತೀನಿ.”

ರಾಜಾರಾಮ ಆಕೆಯ ಬೆನ್ನ ಹಿಂದೆ ನಿಂತು ನನಗೆ ಕೈ ಮುಗಿದ, ಕಿರೀಟದ ಸಮೇತ. ನಾನು ಸುಳ್ಳು ಹೇಳಬಹುದಿತ್ತು, ಹೇಳಬೇಕಿತ್ತೇನೋ. ಅವನ ಮೇಲಿನ ಸಿಟ್ಟು ನನ್ನ ಬಾಯಿ ಬಿಡಿಸಿತು.

“ಗ್ಲಾಡಿಸ್ ಅಂತ ಬರದೈತ್ರಿ. ಅಮೇರಿಕಾದಾಗ ಹಾಡಾವನೊಬ್ಬನ ಅವ್ವ ಆಕಿ.”

ಕೆಂಪವ್ವ ಮಗನ ಕಡೆ ತಿರುಗಿ, ಬುತ್ತಿಯ ಗಂಟನ್ನು ಅವನ ಮೇಜಿನ ಮೇಲಿಟ್ಟು, ಸೆರಗು ಸರಿ ಮಾಡಿಕೊಂಡಳು.

“ಇರ್ಲಿ ಬಿಡಪಾ. ಮ್ಯಾಲ ಇನ್ನ ಆಕೀನ ನಿನಗ ಅವ್ವ. ಭೆಟ್ಟಿ ಆದಾಗ ಮರೀದ ಹೇಳು, ಹುಳಿ ಮಜ್ಜಗಿ ಕುಡದ್ರ ನಿನಗ ದಮ್ಮ ಹತ್ತತೈತಿ ಅಂತ. ಪಾಪ, ಆಕೀಗಿ ಗೊತ್ತಿರಾಂಗಿಲ್ಲ.”